ಮುಳುಗಿದ್ದು ಮೇಲೇಳುವ ಬಗೆ

ಕುದಿಯುವ ನೀರಿಗೆ ಬೆರಳದ್ದಿ ನಲವತ್ತು ವರ್ಷ ರೇಷ್ಮೆಗೂಡು ಬೇಯಿಸಿದವರಿಗೆ ಯಾವ ಅಂಗಡಿಯ ಟೀ ತಾನೇ ಬಿಸಿಯೆನಿಸೀತು? ಸಂಜೆ ಐದಾಯಿತೆಂದರೆ ಚಾಚಾ ನಮ್ಮ ಬೀದಿ ತುದಿಯ ಟೀ ಅಂಗಡಿಗೆ ಬಂದು, ಒಲೆಯಿಂದ ಆಗಷ್ಟೇ ಇಳಿದ ಟೀ ತುಂಬಿದ ಗಾಜಿನ ಲೋಟವನ್ನು ಅಂಗೈ ತುಂಬ ಹಿಡಿದು, ಒಂದು ಗುಟುಕು ಕುಡಿದು, ಇದನ್ನು ಫ್ರಿಡ್ಜಿನಿಂದ ತೆಗೆದೆಯೋ ಎಂದು ವಿಚಾರಿಸುತ್ತಿದ್ದರು. ಅಂಗಡಿಯವನು ಲೋಟ ವಾಪಸ್ಸು ತೆಗೆದುಕೊಂಡು ಮತ್ತೆ ಕುದಿಸಿ ಕೊಡುತ್ತಿದ್ದ. ನಾನು ಪಕ್ಕದಲ್ಲಿ ಕೂತು ಅದೇ ಟೀಯನ್ನು ಸಾಸರಿಗೆ ಸುರಿದುಕೊಂಡು ಊದುತ್ತಿರುತ್ತಿದ್ದೆ. ಮೇಷ್ಟ್ರ ನಾಲಗೆ ಮಾತಿಗೆ ಮಾತ್ರ ಗಟ್ಟಿ ಎಂದು ಅವರು ಬೆಂಚಿನವರಿಗೆಲ್ಲ ಸಾರುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ರಾಮನಗರದಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಬೀದಿಗೆಲ್ಲ ಅವರು ಚಾಚಾ. ನನಗಿಂತ ಐದೇ ವರ್ಷ ದೊಡ್ಡವರು, ನನಗೂ ಚಾಚಾ. ಅವರ ಸ್ವಂತ ಅಣ್ಣ ಕೂಡ ಅವರನ್ನು ಚಾಚಾ ಎಂದು ಕರೆಯುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನನ್ನ ಹೆಸರೂ ಅವರಿಗೆ ಗೊತ್ತಿತ್ತೆಂಬ ನಂಬಿಕೆ ನನಗಿಲ್ಲ. ನಾನು ಮೇಷ್ಟ್ರು. ಅಷ್ಟರಲ್ಲೇ ಇಪ್ಪತ್ತಾರು ವರ್ಷ ನಡೆದುಹೋಯಿತು.

ಅವರು ಕೆಲಸ ಮಾಡುತ್ತಿದ್ದ ಫಿಲೇಚರು, ಅಂದರೆ ರೇಷ್ಮೆನೂಲಿನ ಕಾರ್ಖಾನೆ, ನಮ್ಮ ಶಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಗೂಡಿನಿಂದ ನೂಲು ತೆಗೆಯಬೇಕಾದರೆ ಮೊದಲು ಅದನ್ನು ಬೇಯಿಸಬೇಕು. ಕಡಿಮೆ ಬೆಂದರೆ ಎಳೆ ಬಿಡುವುದಿಲ್ಲ, ಹೆಚ್ಚು ಬೆಂದರೆ ಎಳೆ ಹರಿಯುತ್ತದೆ. ಹದ ನೋಡುವವರು ಚಾಚಾ. ಗಡಿಯಾರ ನೋಡುತ್ತಿರಲಿಲ್ಲ, ನೀರಿಗೆ ಕೈ ಹಾಕಿ ಒಂದು ಗೂಡು ತೆಗೆದು ಹೆಬ್ಬೆರಳಿನಿಂದ ಒತ್ತಿ ಹೇಳುತ್ತಿದ್ದರು. ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಆ ಗೂಡುಗಳ ಬಣ್ಣಕ್ಕೇ ತಿರುಗಿದ್ದವು. ಬೇಯಿಸುವ ಕೋಣೆಯ ಕಿಟಕಿ ತೆರೆದರೆ ಸರಿಯಾಗಿ ನನ್ನ ಎಂಟನೇ ತರಗತಿ. ಅಲ್ಲಿಂದ ಹಬೆಯೂ ಹುಳದ ನಾತವೂ ನಮ್ಮ ಕೋಣೆಗೆ ಬರುತ್ತಿದ್ದವು. ನಮ್ಮ ಪಾಠ ಅವರ ಕೋಣೆಗೆ ಹೋಗುತ್ತಿತ್ತೆಂಬುದು ನನಗೆ ತಡವಾಗಿ ತಿಳಿಯಿತು.

ನಾನು ಕನ್ನಡ ಮೇಷ್ಟ್ರು. ಹಳಗನ್ನಡದ ಪದ್ಯವನ್ನು ಎಂಥ ದಡ್ಡನಿಗೂ ಅರೆದು ಕುಡಿಸಬಲ್ಲೆ. ಆದರೆ ಒಂದು ವರ್ಷ ವಿಜ್ಞಾನದ ಹುದ್ದೆ ಖಾಲಿ ಬಿದ್ದು, ಹೆಡ್‌ಮಾಸ್ಟರು ನನ್ನನ್ನು ಕರೆದು, ತೇಲುವುದು ಮುಳುಗುವುದು ಎಂಬ ಪಾಠ ನೀವೇ ಮಾಡಿಬಿಡಿ, ಅದರಲ್ಲೇನಿದೆ ಎಂದರು. ಅದರಲ್ಲಿ ಏನಿದೆಯೆಂದು ನನಗೂ ಗೊತ್ತಿರಲಿಲ್ಲ. ಕಲ್ಲು ಮುಳುಗುತ್ತದೆ, ಮರ ತೇಲುತ್ತದೆ, ಜಲಾಂತರ್ಗಾಮಿ ಎರಡನ್ನೂ ಮಾಡುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಮುಳುಗಿದ್ದು ಮತ್ತೆ ಹೇಗೆ ಮೇಲೆ ಬರುತ್ತದೆ ಎಂದು ಕೇಳಿದಳು. ಎಂಜಿನ್ ಜೋರಾಗಿ ತಿರುಗುತ್ತದೆ, ಈಜುವವನು ಕಾಲು ಬಡಿದ ಹಾಗೆ ನೀರನ್ನು ಒದ್ದುಕೊಂಡು ಬರುತ್ತದೆ ಎಂದೆ. ಹುಡುಗಿ ಕೂರಲಿಲ್ಲ.

“ಎಂಜಿನ್ ನಿಂತೋದ್ರೆ ಸಾರ್?”

ಗೊತ್ತಿಲ್ಲವೆಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಅಧಿಕಪ್ರಸಂಗ ಬೇಡವೆಂದು ಗದರಿ, ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಎರಡೂ ಕೈ ಮೇಲೆತ್ತಿಸಿದೆ. ಶಿಕ್ಷೆಯಲ್ಲಿದ್ದ ಹುಡುಗಿ ಐದು ನಿಮಿಷಕ್ಕೆಲ್ಲ ಯಾಕೆ ಕಿಸಕ್ಕನೆ ನಕ್ಕಳೆಂದು ತಿಳಿಯದೆ ಇನ್ನೂ ಐದು ನಿಮಿಷ ನಿಲ್ಲಿಸಿದೆ.

ಸಂಜೆ ಗೇಟಿನ ಹತ್ತಿರ ಚಾಚಾ ನಿಂತಿದ್ದರು. ಆ ಹುಡುಗಿ ಅವರ ಮಗಳಂತೆ. ಜಗಳಕ್ಕೆ ಬಂದಿದ್ದಾರೆಂದು ನಾನು ಛತ್ರಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಬಹಳ ಮರ್ಯಾದೆಯಿಂದ ಮಗಳ ತಪ್ಪಿಗೆ ಕ್ಷಮೆ ಕೇಳಿ, ಜೇಬಿನಿಂದ ಎರಡು ಗೂಡು ತೆಗೆದು, ಶಾಲೆಯ ನೀರಿನ ತೊಟ್ಟಿಗೆ ಹಾಕಿದರು. ಹಸಿ ಗೂಡು ತೇಲಿತು. ಬೆಂದ ಗೂಡು ಸದ್ದಿಲ್ಲದೆ ತಳಕ್ಕೆ ಹೋಯಿತು.

“ಗೂಡಿನೊಳಗೆ ಉಸಿರೈತೆ ಮೇಷ್ಟ್ರೇ. ಕುದಿಯೋ ನೀರಲ್ಲಿ ಉಸಿರು ಬುಟ್ಬುಡ್ತದೆ. ಒಸಿ ತಣ್ಣೀರಿಗೆ ಬಿದ್ದೇಟ್ಗೆ ನೀರು ಕುಡ್ಕಂಡು ಮುಳುಗ್ತದೆ. ನಿಮ್ಮ ಹಡಗೂ ಹಂಗೇ ಇರ್ಬೇಕು. ಮುಳುಗ್ಸೋದು ನಂಗೊತ್ತು. ಏಳ್ಸೋದು ಎಂಗೆ ಅಂತ ಮಾತ್ರ ಗೊತ್ತಿಲ್ಲ. ಆದ್ರೆ ಎಂಜಿನ್ ಅಲ್ಲ, ಉಸಿರೇ.”

ನಾನು ನಕ್ಕೆ. ಗೂಡಿಗೂ ಹಡಗಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಎಂದೆ. ಮಾಗಡಿ ಕಡೆಯವರು ನೀವು, ಸಾವನದುರ್ಗದ ಬುಡದಲ್ಲಿ ಹುಟ್ಟಿದವರಿಗೆ ಬಂಡೆ ಗೊತ್ತಿರುತ್ತದೆ, ನೀರು ಎಲ್ಲಿ ಗೊತ್ತಿರುತ್ತದೆ ಎಂದು ಅವರೂ ನಕ್ಕರು. ಆ ಮಾತಿಗೆ ಉತ್ತರ ಕೊಡಲೆಂದು ಮಾರನೆಯ ದಿನ ಟೀ ಅಂಗಡಿಗೆ ಹೋದೆ. ಉತ್ತರಕ್ಕೆ ಅವರೊಂದು ಉತ್ತರ ಕೊಟ್ಟರು. ಹಾಗೆ ಶುರುವಾದ ಸಂಜೆ ಟೀ ಅದು.

ವಾದಕ್ಕೆ ಅವರಿಗೆ ಇಂಥದ್ದೇ ವಿಷಯ ಬೇಕೆಂದಿರಲಿಲ್ಲ. ಬಿಡದಿಯ ತಟ್ಟೆ ಇಡ್ಲಿಗೆ ಆ ಮೆದುತನ ಬರುವುದು ಅಕ್ಕಿಯಿಂದಲೋ ತಟ್ಟೆಗೆ ಹಾಸುವ ಬಟ್ಟೆಯಿಂದಲೋ ಎಂಬುದರ ಮೇಲೆ ನಾವು ಹದಿನೈದು ದಿನ ಎಳೆದಾಡಿದ್ದೇವೆ. ಮಾತಿಗೆ ಮುಂಚೆ ತೋರುಬೆರಳ ಉಗುರಿನಿಂದ ಲೋಟವನ್ನು ಟಕ್ ಟಕ್ ಎಂದು ಎರಡು ಸಲ ಬಡಿಯುವುದು ಅವರ ಅಭ್ಯಾಸ. ಅದಾದ ಮೇಲೆ ಬರುವುದು ಒಂದೋ ಅಪ್ಪಟ ಸತ್ಯ, ಇಲ್ಲವೇ ಅಪ್ಪಟ ಸುಳ್ಳು. ನಡುವಿನ ಸರಕು ಅವರ ಹತ್ತಿರ ಇರಲಿಲ್ಲ. ಬೆಂದವರು ಸದ್ದು ಮಾಡುವುದಿಲ್ಲ, ಬೇಯದವರೇ ಮೇಲೆ ಮೇಲೆ ಕುಣಿಯುತ್ತಾರೆ ಎಂದು ಆಗಾಗ ಹೇಳುತ್ತಿದ್ದರು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ, ಉಳಿದವರೆಲ್ಲ ನೋಡುತ್ತಿದ್ದರು.

ನನ್ನದೊಂದು ಕೆಟ್ಟ ಗುಣವನ್ನೂ ಇಲ್ಲೇ ಹೇಳಿಬಿಡಬೇಕು. ಸೋತರೆ ನನಗೆ ತಡೆದುಕೊಳ್ಳುವುದಕ್ಕಾಗುವುದಿಲ್ಲ. ಒಂದು ಸಲ, ಒಂದು ಗೂಡಿನ ಎಳೆ ಹೆಚ್ಚೆಂದರೆ ಈ ಬೀದಿಯ ಉದ್ದ ಬಂದೀತು ಎಂದುಬಿಟ್ಟೆ. ಚಾಚಾ ಮರುದಿನ ಒಂದು ಮಗ್ಗಿನ ತುಂಬ ಬಿಸಿನೀರು, ಅದರಲ್ಲೊಂದು ಬೆಂದ ಗೂಡು ಹಿಡಿದು ಬಂದು, ಎಳೆಯ ತುದಿಯನ್ನು ಟೀ ಅಂಗಡಿಯ ಕಂಬಕ್ಕೆ ಕಟ್ಟಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ನಡೆದರು. ಕಣ್ಣಿಗೆ ಕಾಣದ ಎಳೆಯ ಪಕ್ಕ ಅರ್ಧ ಬೀದಿ ಮೆರವಣಿಗೆ ಹೊರಟಿತು. ಆಟೋದವರು ಗಾಡಿ ನಿಲ್ಲಿಸಿದರು. ಎಳೆ ಎರಡು ಸಲ ಹರಿಯಿತು, ಎರಡು ಸಲವೂ ಚಾಚಾ ಎಂಜಲು ಹಚ್ಚಿ ಹೊಸೆದು ಮುಂದುವರಿದರು. ಬೀದಿ ಮುಗಿದು, ಶಾಲೆ ಮುಗಿದು, ಸ್ಟೇಷನ್ ರಸ್ತೆ ಬಂದರೂ ಗೂಡು ಮುಗಿಯಲಿಲ್ಲ. ಎಂಜಲು ಹಚ್ಚಿದ್ದು ಲೆಕ್ಕಕ್ಕಿಲ್ಲ ಎಂದು ನಾನು ವಾದಿಸಿದೆ. ಯಾರೂ ಕೇಳಲಿಲ್ಲ. ಅವತ್ತಿನಿಂದ ನಾಲ್ಕು ತಿಂಗಳು ನಾನು ಬೇರೆ ಬೀದಿಯಲ್ಲಿ ಓಡಾಡಿದೆ.

ಕೊನೆಗೆ ಅವರೇ ನಮ್ಮ ಮನೆಗೆ ಬಂದರು. ಆ ಬೀದಿ ನಾನೆಣಿಸಿದ್ದಕ್ಕಿಂತ ಒಸಿ ಗಿಡ್ಡ, ನಡೆದು ಅಳೆದು ನೋಡಿದೆ, ನಿಮ್ಮ ಮಾತೇ ಸರಿಯಿರಬಹುದು ಎಂದರು. ಬೀದಿ ಗಿಡ್ಡವಾದರೆ ನನ್ನ ಮಾತು ಹೇಗೆ ಸರಿಯಾಗುತ್ತದೆಂದು ನಾನು ಯೋಚಿಸಲಿಲ್ಲ. ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿ, ಅಂದೇ ಟೀಗೆ ಹೋದೆ.

ನಾನು ನಿವೃತ್ತನಾದೆ. ಫಿಲೇಚರಿಗೆ ತಾನೇ ಬೇಯಿಸಿ ತಾನೇ ನೂಲುವ ಮೆಷಿನ್ನು ಬಂದು ಚಾಚಾ ಕೂಡ ಮನೆಯಲ್ಲಿ ಕೂತರು. ನಲವತ್ತು ವರ್ಷದ ಹಬೆ ಅವರ ಎದೆಯಲ್ಲಿ ಉಳಿದುಕೊಂಡಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರು. ಜುಬ್ಬದ ಜೇಬಿನಲ್ಲಿ ಸದಾ ಒಂದು ಉಬ್ಬಸದ ಔಷಧದ ಪಂಪು. ಅದನ್ನು ಬಾಯಿಗಿಟ್ಟು ಒತ್ತಿ, ಕಣ್ಣು ಮುಚ್ಚಿ ಹತ್ತು ಎಣಿಸಿ, ಆಮೇಲೆ ನಿಲ್ಲಿಸಿದ ಕಡೆಯಿಂದಲೇ ವಾದ ಮುಂದುವರಿಸುತ್ತಿದ್ದರು. ಆ ಹತ್ತು ಎಣಿಕೆಯಲ್ಲಿ ನಾನು ನನ್ನ ಮಾತು ತುರುಕಿದರೆ ಕೈಯೆತ್ತಿ ತಡೆಯುತ್ತಿದ್ದರು. ಉಸಿರಿಲ್ಲದವನ ಜೊತೆ ವಾದ ಮಾಡುವುದು ಅಧರ್ಮವಂತೆ.

ಎರಡು ವರ್ಷದ ಹಿಂದೆ ನಮ್ಮ ನಿವೃತ್ತ ಶಿಕ್ಷಕರ ಗುಂಪು ವಿಶಾಖಪಟ್ಟಣಕ್ಕೆ ಟೂರು ಹೊರಟಿತು. ಬೆಟ್ಟ, ಗುಹೆ, ದೇವಸ್ಥಾನ, ಕೊನೆಗೆ ಸಮುದ್ರದಂಡೆಯ ಮರಳಿನ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿರುವ ಹಳೆಯ ಜಲಾಂತರ್ಗಾಮಿ. ಬರಬೇಕಾಗಿದ್ದ ಒಬ್ಬರಿಗೆ ಜ್ವರ ಬಂದು ಒಂದು ಸೀಟು ಉಳಿಯಿತು. ಸುದ್ದಿ ಟೀ ಅಂಗಡಿಗೆ ಬಂದಾಗ ಚಾಚಾ ಲೋಟವನ್ನು ಟಕ್ ಟಕ್ ಎನಿಸಿದರು. ಇಪ್ಪತ್ತೈದು ವರ್ಷದ ವ್ಯಾಜ್ಯ ಮೇಷ್ಟ್ರೇ, ಹೋಗಿ ಕಣ್ಣಾರೆ ನೋಡಿ ಮುಗಿಸಿಬಿಡೋಣ ಎಂದರು. ಪಂದ್ಯದ ಕರಾರು ಅವರೇ ಗೊತ್ತುಮಾಡಿದರು. ಸೋತವರು ಬಂದು ಇದೇ ಟೀ ಅಂಗಡಿಯ ಬೆಂಚಿನ ಮೇಲೆ, ಇದೇ ಜನದ ಮುಂದೆ, ಎರಡೂ ಕೈ ಮೇಲೆತ್ತಿ ನಿಂತು, ನನಗೆ ಗೊತ್ತಿರಲಿಲ್ಲ ಎಂದು ಹೇಳಬೇಕು.

ಬೆಂಚೇ ಯಾಕೆ ಎಂದು ನಾನು ಕೇಳಲಿಲ್ಲ. ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ಡಾಕ್ಟರು ಬೇಡವೆಂದರೂ ಎರಡು ಪಂಪು ಇಟ್ಟುಕೊಂಡು ಹೊರಟೇಬಿಟ್ಟರು. ದೇವಸ್ಥಾನಗಳಲ್ಲಿ ನಾವೆಲ್ಲ ಒಳಗೆ ಹೋದಾಗ, ಮೆಟ್ಟಿಲು ಹತ್ತಲಾರೆ, ಚಪ್ಪಲಿ ನಾನು ನೋಡಿಕೊಳ್ಳುತ್ತೇನೆ ಎಂದು ಹೊರಗೆ ಕೂತರು. ನೋಡಿಕೊಂಡರು ಕೂಡ. ಹನ್ನೊಂದು ಜೊತೆ ಚಪ್ಪಲಿಗಳ ಬಲ ಎಡಗಳನ್ನು ಸಾವಧಾನವಾಗಿ ಅದಲುಬದಲು ಮಾಡಿ ಸಾಲಾಗಿ ಜೋಡಿಸಿಟ್ಟಿದ್ದರು. ನಮ್ಮ ಹಳೆಯ ಹೆಡ್‌ಮಾಸ್ಟರು ಎರಡು ಎಡಗಾಲಿನ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನವರೆಗೆ ನಡೆದು, ಸಕ್ಕರೆ ಕಾಯಿಲೆಯಿಂದ ಪಾದ ಸೊಟ್ಟಗಾಗುತ್ತಿದೆಯೆಂದು ಹೆಂಡತಿಗೆ ಫೋನ್ ಮಾಡಿದರು.

ಜಲಾಂತರ್ಗಾಮಿಯನ್ನು ದೂರದಿಂದ ನೋಡಿ ನಾವೆಲ್ಲ ಅಲ್ಲೇ ನಿಂತೆವು. ಅಷ್ಟುದ್ದದ ಕಪ್ಪು ಕಬ್ಬಿಣ, ಸಮುದ್ರಕ್ಕೆ ಹೊಂದಿಕೊಂಡೇ ಇದ್ದು ಸಮುದ್ರ ಮುಟ್ಟದೆ ನಿಂತಿತ್ತು. ಚಾಚಾ ಮಾತ್ರ ಅದರ ಹೊಟ್ಟೆಯ ಕೆಳಗೆ ಹೋಗಿ ನಿಂತು, ಇದೊಳ್ಳೆ ಗೂಡು ಎಂದರು. ಒಳಗೆ ಹೋಗುವ ಸಾಲಿನಲ್ಲಿ ನಮ್ಮವರೆಲ್ಲ ಮುಂದೆ ಹೋದರು. ಚಾಚಾ ನಿಂತು ನಿಂತು ಬರುತ್ತಿದ್ದುದರಿಂದ ನಾವಿಬ್ಬರೇ ಹಿಂದೆ ಉಳಿದೆವು.

ಒಳಗೆ ಒಬ್ಬರು ಹೋಗುವಷ್ಟು ದಾರಿ. ಎರಡೂ ಕಡೆ ಕೊಳವೆ, ಚಕ್ರ, ಮುಳ್ಳಿನ ಮೀಟರು. ಎಣ್ಣೆಯ ವಾಸನೆ. ಒಬ್ಬರ ಮೇಲೊಬ್ಬರು ಮಲಗುವ ಹಲಗೆಗಳನ್ನು ನೋಡಿದರೆ ನಮ್ಮ ರೈಲಿನ ಸ್ಲೀಪರ್ ಬೋಗಿ ಅರಮನೆಯೆನಿಸುತ್ತಿತ್ತು. ದುಂಡನೆಯ ಬಾಗಿಲುಗಳಲ್ಲಿ ಮೊದಲು ಕಾಲು ಹಾಕಬೇಕೋ ತಲೆ ಹಾಕಬೇಕೋ ತಿಳಿಯದೆ ನಾನು ಮೂರು ಕಡೆ ಹಣೆ ಬಡಿಸಿಕೊಂಡೆ. ಚಾಚಾಗೆ ಉಬ್ಬಸ ಶುರುವಾಗಿತ್ತು. ಹೊರಗೆ ಹೋಗಿಬಿಡೋಣ ಎಂದೆ. ಅವರು ಪಂಪು ಒತ್ತಿ, ಹತ್ತು ಎಣಿಸಿ, ತಲೆ ಅಡ್ಡಡ್ಡ ಆಡಿಸಿದರು.

ನಡುವಿನ ಕೋಣೆಯಲ್ಲಿ ವಿವರಣೆ ಕೊಡಲು ಒಬ್ಬರು ನಿಂತಿದ್ದರು. ನೌಕಾಪಡೆಯಲ್ಲಿದ್ದು ನಿವೃತ್ತರಾದವರಂತೆ, ನಮ್ಮದೇ ವಯಸ್ಸು. ಅವರು ಮಾತಾಡುತ್ತಿದ್ದುದು ಹಿಂದಿ. ನನಗೆ ಹಿಂದಿ ಬರುವುದಿಲ್ಲ. ಮೂವತ್ತು ವರ್ಷ ಉರ್ದು ಮಾತಾಡುವವರ ನಡುವೆ ಬಾಳಿಯೂ ಕಲಿಯಲಿಲ್ಲ, ಎಲ್ಲರೂ ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು. ಬರುವುದಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸವೂ ನನಗಿರಲಿಲ್ಲ. ಯಾರು ಹಿಂದಿಯಲ್ಲಿ ಏನು ಹೇಳಿದರೂ ‘ಹಾಂ ಜೀ’ ಎಂದು ತಲೆದೂಗಿಬಿಡುತ್ತೇನೆ. ಸಾಕ್ಷಿಗಿರಲೆಂದು ಫೋನು ತೆಗೆದು ವಿಡಿಯೋ ಹಿಡಿದೆ.

ಚಾಚಾ ತಮ್ಮ ಪ್ರಶ್ನೆಯನ್ನು ಉರ್ದುವಿನಲ್ಲಿ ಇಟ್ಟರು. ಆ ಮನುಷ್ಯನ ಮುಖವೇ ಅರಳಿತು. ದಿನವೂ ಜನ ಬಂದು ಇದರ ಬೆಲೆಯೆಷ್ಟು, ಕಕ್ಕಸು ಎಲ್ಲಿ ಎಂದಷ್ಟೇ ಕೇಳುತ್ತಿದ್ದರೋ ಏನೋ. ಚಾಚಾನ ಕೈ ಹಿಡಿದು ಒಂದು ಚಕ್ರದ ಹತ್ತಿರ ಕರೆದುಕೊಂಡು ಹೋಗಿ, ಆ ಕೊಳವೆ ತೋರಿಸಿ, ಈ ಕೊಳವೆ ತೋರಿಸಿ, ಬಾಯಲ್ಲಿ ಬುಸ್ ಎಂದು ಸದ್ದು ಮಾಡಿ, ಬಹಳ ಹೊತ್ತು ವಿವರಿಸಿದರು. ಟ್ಯಾಂಕ್, ಏರ್, ಎಂಜಿನ್ ಎಂಬ ಮೂರು ಮಾತು ನನಗೆ ತಿಳಿಯಿತು. ಚಾಚಾ ತಮ್ಮ ಬೆಳ್ಳನೆಯ ಅಂಗೈಯನ್ನು ಒಂದು ಕೊಳವೆಯ ಮೇಲಿಟ್ಟು, ಬೆಂದಿದೆಯೋ ಇಲ್ಲವೋ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಅವರಿಗೆ ಇನ್ನೇನೋ ಹೇಳಿದರು. ಆ ಮನುಷ್ಯ ನನ್ನ ಕಡೆ ತಿರುಗಿ ನೋಡಿ, ಗಟ್ಟಿಯಾಗಿ ನಕ್ಕು, ನನ್ನ ಕೈ ಕುಲುಕಿ, ಶಾಬಾಷ್ ಮಾಸ್ಟರ್‌ಜೀ ಎಂದರು. ಹಾಂ ಜೀ ಎಂದೆ.

ಏನಂತೆ ಎಂದು ಕೇಳಿದೆ. ಚಾಚಾ ಉಗುರಿನಿಂದ ಆ ಕೊಳವೆಯನ್ನು ಎರಡು ಸಲ ಬಡಿದರು.

“ಎಂಜಿನ್ನಂತೆ ಮೇಷ್ಟ್ರೇ. ನೀವು ಗೆದ್ಬುಟ್ರಿ.”

ಟ್ಯಾಂಕೆಂದರೆ ಡೀಸೆಲ್ ಟ್ಯಾಂಕು, ಏರ್ ಎಂದರೆ ಎಂಜಿನ್ನಿಗೆ ಬೇಕಾದ ಗಾಳಿ ಎಂದು ಅರ್ಥವನ್ನೂ ಬಿಡಿಸಿ ಹೇಳಿದರು. ನನಗೆ ಆದ ಸಂತೋಷವನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಹೊರಗೆ ಬಂದು ಸಮುದ್ರದ ಗಾಳಿಗೆ ಎದೆಯೊಡ್ಡಿ ನಿಂತು, ನಮ್ಮವರಿಗೆಲ್ಲ ಕೇಳುವ ಹಾಗೆ, ವಿಜ್ಞಾನ ಓದದಿದ್ದರೇನು, ಬುದ್ಧಿ ಇದ್ದರೆ ಸಾಕು ಎಂದು ಸಣ್ಣ ಭಾಷಣ ಮಾಡಿದೆ. ಚಾಚಾ ಒಂದು ಕಲ್ಲಿನ ಮೇಲೆ ಕೂತು, ಪಂಪು ಕೈಯಲ್ಲಿ ಹಿಡಿದು, ಪೂರ್ತಿ ಭಾಷಣ ಕೇಳಿದರು.

ಊರಿಗೆ ಬಂದ ಸಂಜೆಯೇ ಅವರು ಕರಾರು ತೀರಿಸಿದರು. ಬೆಂಚು ಹತ್ತಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಹೋಗಲಿ ಬಿಡಿ, ಕೂತೇ ಹೇಳಿ ಎಂದು ಯಾರೋ ಅಂದರು. ನಾನು ಸುಮ್ಮನಿದ್ದೆ. ಅಷ್ಟೇ ಅಲ್ಲ, ಅವರು ಒಂದು ಕೈ ಎತ್ತಿದಾಗ ಎರಡೂ ಕೈ ಎಂದು ಜ್ಞಾಪಿಸಿದವನೂ ನಾನೇ. ಚಾಚಾ ಎರಡೂ ಕೈ ಎತ್ತಿ, ನನಗೆ ಗೊತ್ತಿರಲಿಲ್ಲ, ಮೇಷ್ಟ್ರಿಗೆ ಗೊತ್ತಿತ್ತು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಅವರ ಮುಖದಲ್ಲಿ ಸೋತ ಕಳೆ ಒಂದಿಷ್ಟೂ ಇರಲಿಲ್ಲ. ದೊಡ್ಡ ಮನುಷ್ಯ ಎಂದುಕೊಂಡೆ.

ಆಮೇಲಿನ ಒಂದು ವರ್ಷ ನಾನು ಆ ವಿಡಿಯೋ ತೋರಿಸದ ಜಾಗವಿಲ್ಲ. ಗೂಡಿನ ಮಾರ್ಕೆಟ್ಟಿನಲ್ಲಿ ತೋರಿಸಿ, ಕೇಳಿದವರ ಫೋನಿಗೆಲ್ಲ ಕಳಿಸಿಕೊಟ್ಟೆ. ಮದುವೆ ಮನೆಗಳಲ್ಲಿ, ಊಟದ ಪಂಕ್ತಿಯಲ್ಲಿ ಎಲೆ ಹಾಕುವ ಮೊದಲು ತೋರಿಸಿದೆ. ಚನ್ನಪಟ್ಟಣದಲ್ಲಿ ಮೊಮ್ಮಗಳಿಗೆ ಬುಗುರಿ ಕೊಳ್ಳಲು ಹೋಗಿ ಬೊಂಬೆ ಕಡೆಯುವವರ ಇಡೀ ಮನೆಯನ್ನು ಕೂರಿಸಿ ತೋರಿಸಿದೆ. ನೋಡಿ, ನೇವಿಯವರ ಬಾಯಲ್ಲೇ ಕೇಳಿ ಎನ್ನುತ್ತಿದ್ದೆ. ಎಲ್ಲರೂ ಬಹಳ ಗಮನವಿಟ್ಟು ಕೇಳುತ್ತಿದ್ದರು. ಬರೋಬರ್ ಮೇಷ್ಟ್ರೇ ಎನ್ನುತ್ತಿದ್ದರು. ಬೊಂಬೆಯ ಮನೆಯ ಅಜ್ಜಿಯಂತೂ ಎರಡನೇ ಸಲ ಹಾಕಿಸಿಕೊಂಡು, ದುಪಟ್ಟದಿಂದ ಕಣ್ಣೊರೆಸಿಕೊಂಡರು. ವಿಜ್ಞಾನ ಜನಸಾಮಾನ್ಯರನ್ನು ಹೀಗೆ ತಟ್ಟುವುದನ್ನು ಕಂಡು ನನಗೂ ಕಣ್ಣು ತುಂಬಿತು.

ಚಾಚಾ ಹೋದದ್ದು ಒಂದು ಬೆಳಿಗ್ಗೆ, ಚಾಪೆಯ ಮೇಲೆ ಕೂತು ತಿಂಡಿಗೆ ಕಾಯುತ್ತಿದ್ದಾಗ. ಪಂಪು ಕೈಯಲ್ಲೇ ಇತ್ತಂತೆ. ನಾನು ಮಣ್ಣಿಗೆ ಹೋಗಿ ಬಂದೆ. ಆಮೇಲೆ ಹದಿನೈದು ದಿನ ಟೀ ಅಂಗಡಿಯ ಕಡೆ ಹೋಗಲು ಕಾಲು ಬರಲಿಲ್ಲ. ಮನೆಯಲ್ಲಿ ಟೀ ಮಾಡಿಸಿ ಕುಡಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು.

ಒಂದು ದಿನ ಅವರ ಮಗಳನ್ನು ಮಾತಾಡಿಸಿಕೊಂಡು ಬರಲು ಹೋದೆ. ಈಗ ಅವಳು ಒಂದು ಸಣ್ಣ ಫಿಲೇಚರನ್ನು ತಾನೇ ನಡೆಸುತ್ತಾಳೆ. ಕುರ್ಚಿ ಹಾಕಿ ಕೂರಿಸಿದಳು. ಅಪ್ಪನ ದನಿಯನ್ನಾದರೂ ಕೇಳಲಿ ಎಂದು ಫೋನು ತೆಗೆದು ಆ ವಿಡಿಯೋ ಹಾಕಿದೆ. ಈಗಾಗಲೇ ಮೂರು ಜನರ ಫೋನಿನಲ್ಲಿ ನೋಡಿದ್ದೇನೆ ಸಾರ್ ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅತ್ತಳು. ಆಮೇಲೆ ನನ್ನ ಮುಖವನ್ನೇ ನೋಡಿ, ನಿಮಗೆ ಇದರಲ್ಲಿರುವುದು ನಿಜವಾಗಿಯೂ ಗೊತ್ತಿಲ್ಲವೇ ಎಂದು ಕೇಳಿದಳು. ಗೊತ್ತಿಲ್ಲದೆ ಏನು, ಎಂಜಿನ್ ಎಂದೆ.

ಅವಳು ವಿಡಿಯೋವನ್ನು ಹಿಂದಕ್ಕೆ ಎಳೆದು, ತುಂಡು ತುಂಡಾಗಿ ನಿಲ್ಲಿಸಿ ಹೇಳುತ್ತ ಹೋದಳು. “ಅವ್ರು ಹೇಳ್ತಾವ್ರೆ ಸಾರ್, ಇಲ್ಲಿ ಬಾಟ್ಲಿಗಳ ತುಂಬ ಗಾಳಿ ಅದುಮಿ ಇಟ್ಟಿರ್ತಾರಂತೆ. ಮೇಲಕ್ಕೆ ಬರ್ಬೇಕು ಅಂದಾಗ ಅದನ್ನ ಟ್ಯಾಂಕಿಗೆ ಬುಡ್ತಾರೆ. ಗಾಳಿ ನೀರನ್ನ ಆಚೆಗೆ ದಬ್ತದೆ, ಹಡಗು ಹಗುರಾಗಿ ಮೇಲೆ ಬತ್ತದೆ. ಎಂಜಿನ್ ನಿಂತೋದ್ರೂ ಬತ್ತದೆ.”

ಎಂಜಿನ್ ನಿಂತುಹೋದರೂ. ಅವಳ ದನಿ ಆ ಮಾತಿನ ಮೇಲೆ ಸ್ವಲ್ಪವೂ ಏರಲಿಲ್ಲ. ನನಗೆ ಮಾತ್ರ ಮೂರನೇ ಸಾಲಿನಲ್ಲಿ ಎದ್ದು ನಿಂತಿದ್ದ ಎರಡು ಜಡೆಯ ಹುಡುಗಿ ಕಂಡಳು. ಮುಂದೆ ಹಾಕಮ್ಮ ಎಂದೆ.

ಮುಂದೆ ಚಾಚಾನ ದನಿ. ಹಾಗಾದರೆ ಇದಕ್ಕೂ ನನ್ನ ಹಾಗೆ ಪಂಪು ಬೇಕು ಎಂದರಂತೆ. ಅದಕ್ಕೆ ಆ ಮನುಷ್ಯ, ಹೌದು ಚಾಚಾ, ಉಸಿರು ಕೂಡಿಟ್ಟುಕೊಳ್ಳದವರು ತಳದಲ್ಲೇ ಉಳಿಯುತ್ತಾರೆ ಎಂದರಂತೆ. ಆಮೇಲೆ ಬಂತು, ನಾನು ಊರೆಲ್ಲ ತೋರಿಸಿಕೊಂಡು ತಿರುಗಿದ ಆ ಕೊನೆಯ ತುಂಡು. ಮಗಳು ಅದನ್ನು ಅಪ್ಪನ ಧಾಟಿಯಲ್ಲೇ ಹೇಳಿದಳು.

“ಇವ್ರು ನನ್ನ ದೋಸ್ತು. ಎಂಜಿನ್ನೇ ಅಂತ ಹಟ ಹಿಡ್ದವ್ರೆ. ಸೋತ್ರೆ ಮುನಿಸ್ಕಂಡು ಟೀಗೆ ಬರೋದು ಬುಟ್ಬುಡ್ತಾರೆ. ನಂಗೆ ಇನ್ಯಾರವ್ರೆ? ನೀವೇನೂ ಹೇಳ್ಬ್ಯಾಡಿ, ನಾನು ಎಂಜಿನ್ ಅಂದ್ಬುಡ್ತೀನಿ.”

ಫೋನಿನಲ್ಲಿ ಆ ಮನುಷ್ಯ ಗಟ್ಟಿಯಾಗಿ ನಗುತ್ತಾರೆ. ಅದರ ಹಿಂದೆಯೇ, ಅತ್ಯಂತ ಗಾಂಭೀರ್ಯದಿಂದ, ನನ್ನದೇ ದನಿ ‘ಹಾಂ ಜೀ’ ಎನ್ನುತ್ತದೆ.

ಮೊದಲು ನನಗೆ ಸಿಟ್ಟು ಬಂತು. ಉರ್ದು ಬಲ್ಲ ಅರ್ಧ ರಾಮನಗರ ಒಂದು ವರ್ಷ ನನ್ನ ಮುಖದೆದುರು ಬರೋಬರ್ ಎನ್ನುತ್ತ ಹೊಟ್ಟೆಯೊಳಗೆ ನಕ್ಕಿದೆ. ಚನ್ನಪಟ್ಟಣದ ಆ ಅಜ್ಜಿ ಕಣ್ಣೊರೆಸಿಕೊಂಡದ್ದು ಯಾಕೆಂದು ಈಗ ತಿಳಿಯಿತು. ಎದ್ದು ಹೊರಟುಬಿಡಬೇಕು, ಈ ಬೀದಿಗೆ ಮತ್ತೆ ಕಾಲಿಡಬಾರದು ಎನ್ನಿಸಿತು. ಎನ್ನಿಸಿದ ಮರುಕ್ಷಣ, ನಾನು ಹೀಗೇ ಮಾಡುತ್ತೇನೆಂದು ಅವರು ಸಮುದ್ರದ ದಂಡೆಯಲ್ಲಿ ನಿಂತೇ ಲೆಕ್ಕ ಹಾಕಿದ್ದರಲ್ಲ ಎಂದು ಹೊಳೆಯಿತು. ಹಿಂದೆ ನಾಲ್ಕು ತಿಂಗಳು ನೀವು ಬೇರೆ ಬೀದಿಯಲ್ಲಿ ಓಡಾಡಿದಾಗ ಅಬ್ಬಾ ಕೂಡ ಟೀ ಅಂಗಡಿಗೆ ಹೋಗಲಿಲ್ಲ ಸಾರ್, ಸಂಜೆ ಐದಕ್ಕೆ ಜುಬ್ಬ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದರು ಎಂದು ಮಗಳು ಹೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಒಂದು ಲೋಟ ಟೀಗೋಸ್ಕರ ಆ ಮನುಷ್ಯ ಇಪ್ಪತ್ತೈದು ವರ್ಷ ಹುಡುಕಿದ ಉತ್ತರವನ್ನು ಕೈಗೆ ಸಿಕ್ಕ ಜಾಗದಲ್ಲೇ ಬಿಟ್ಟು ಬಂದಿದ್ದರು.

ಅವತ್ತು ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ತಪ್ಪಾಯಿತಮ್ಮ ಎಂದೆ. ಹೇಳಲು ಇಷ್ಟು ವರ್ಷ ಬೇಕಾಯಿತು.

“ಬುಡಿ ಸಾರ್. ಬೆಂಚ್ ಮೇಲಿಂದ ನಂಗೆ ಕಿಟಕೀಲಿ ಅಬ್ಬಾ ಕಾಣ್ತಿದ್ರು. ನಿಮ್ ತರಾನೇ ಮುಖ ಮಾಡಿ ನಗಿಸ್ತಿದ್ರು.”

ಅಲ್ಲಿಂದ ನೇರ ಟೀ ಅಂಗಡಿಗೆ ಹೋದೆ. ಐದರ ಹೊತ್ತು, ಮಾಮೂಲಿ ಜನ ಇದ್ದರು. ಚಪ್ಪಲಿ ಬಿಟ್ಟೆ. ಬೆಂಚಿನಲ್ಲಿದ್ದ ಮೂವರೂ ಏನೂ ಕೇಳದೆ ಎದ್ದು ಜಾಗ ಕೊಟ್ಟರು. ಅಂಗಡಿಯವನು ಹೆಗಲ ಮೇಲಿನ ಬಟ್ಟೆಯಿಂದ ಬೆಂಚು ಒರೆಸಿ, ನನ್ನ ಮೊಣಕಾಲಿನ ನೋವು ಗೊತ್ತಿದ್ದವನ ಹಾಗೆ ಒಂದು ಸ್ಟೂಲು ತಂದು ಪಕ್ಕಕ್ಕಿಟ್ಟ. ಹತ್ತಿದೆ. ನನಗೆ ಗೊತ್ತಿರಲಿಲ್ಲ, ಚಾಚಾಗೆ ಗೊತ್ತಿತ್ತು ಎಂದೆ. ದನಿ ಸಾಲದೆನಿಸಿ ಇನ್ನೊಮ್ಮೆ ಹೇಳಿದೆ. ಯಾರೂ ನಗಲಿಲ್ಲ. ಇಳಿಯಲು ಸ್ಟೂಲಿನ ಕಡೆ ಕಾಲು ಚಾಚಿದರೆ, ಅಂಗಡಿಯವನು ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

“ಎರಡೂ ಕೈ ಸಾ. ಚಾಚಾ ಯೋಳವ್ರೆ, ಮೇಷ್ಟ್ರು ಒಂದಿನ ಬಂದು ಬೆಂಚು ಅತ್ತೇ ಅತ್ತಾರೆ, ಟೀ ಕುದಿಯೋಗಂಟ ಇಳಿಸ್ಬ್ಯಾಡ ಅಂತ.”

ಎರಡೂ ಕೈ ಎತ್ತಿ ನಿಂತೆ. ಅವನು ಪಾತ್ರೆಗೆ ಹಾಲು ಸುರಿದು ಒಲೆಯ ಮೇಲಿಟ್ಟ. ಆಮೇಲೆ ಬಗ್ಗಿ ಉರಿಯನ್ನು ಸಣ್ಣಗೆ ಮಾಡಿದ. ಬೆಂಚಿನ ಮೇಲಿಂದ ನನಗೆ ಅದು ಚೆನ್ನಾಗಿ ಕಾಣುತ್ತಿತ್ತು. ಕೈ ಇಳಿಸಲಿಲ್ಲ.